ಗುವಾಂಗ್‌ಝೌಗೆ ಹೋಗುವವರಿಗೆ ಹದಿನೇಳು ಸಲಹೆ

ಮೊದಲ ಸಲ ಗುವಾಂಗ್‌ಝೌಗೆ ಹೊರಟವರಿಗೆ ನಾನೊಂದು ಹಾಳೆ ಕೊಡುತ್ತಿದ್ದೆ. ಅದರಲ್ಲಿ ಹದಿನೇಳು ಸಲಹೆ. ಹದಿನಾರು ನಿಜ, ಒಂದು ಸುಳ್ಳು. ಸುಳ್ಳು ಯಾವುದೆಂದು ಹೋದವನೇ ಅಲ್ಲಿ ಪೇಚಿಗೆ ಸಿಕ್ಕಿ ಕಂಡುಹಿಡಿಯಬೇಕು. ವಾಪಸ್ ಬಂದ ದಿನ ದುಬೈಯ ನೈಫ್ ಪೇಟೆಬೀದಿಯಲ್ಲಿದ್ದ ನಮ್ಮ ಆಫೀಸಿನಲ್ಲಿ ಎಲ್ಲರ ಮುಂದೆ ನಿಂತು ತಾನು ಹೇಗೆ ಮಂಗನಾದೆ ಎಂದು ವರದಿ ಒಪ್ಪಿಸಬೇಕು, ಆಮೇಲೆ ಬಿರಿಯಾನಿ ತರಿಸಬೇಕು. ಈ ಕಾನೂನು ನನ್ನದೇ.

ನಮ್ಮದು ಹೋಟೆಲುಗಳಿಗೆ ತಟ್ಟೆ, ಬಟ್ಟಲು, ಕಪ್ಪು-ಸಾಸರು ಪೂರೈಸುವ ಕಂಪನಿ. ಮಾಲು ಬರುವುದು ಚೀನಾದಿಂದ. ಚೀನಾ ವಿಷಯದಲ್ಲಿ ಆ ಬೀದಿಯಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಇದು ನಾನು ಹೇಳುವುದಲ್ಲ, ಬೀದಿಯವರೇ ಹೇಳುತ್ತಿದ್ದರು. ಅವರು ಹೇಳುವ ಹಾಗೆ ನೋಡಿಕೊಳ್ಳುತ್ತಿದ್ದುದು ಮಾತ್ರ ನಾನು. ಮಂಗಳೂರು ಕಡೆಯವರಿಂದ ಹಿಡಿದು ಮಲಬಾರಿನವರ ತನಕ ಎಲ್ಲರೂ ನನ್ನನ್ನು ‘ಮಾಮ’ ಎನ್ನುತ್ತಿದ್ದರು. ಕಂಪನಿಯ ಮಾಲಿಕ ಸೇಠ್ ಮಾತ್ರ ‘ಚಾಚಾ’ ಎನ್ನುತ್ತಿದ್ದರು.

ನನ್ನ ಸುಳ್ಳುಗಳು ಒಳ್ಳೆಯ ಜಾತಿಯವು. ಒಬ್ಬನಿಗೆ, ಫ್ಯಾಕ್ಟರಿ ಮಾಲಿಕ ಚಹಾ ಕೊಟ್ಟರೆ ಕಪ್ಪನ್ನು ಹಣೆಗೆ ಮುಟ್ಟಿಸಿ ಮೂರು ಸಲ ಬಗ್ಗಬೇಕು ಎಂದು ಬರೆದಿದ್ದೆ. ಅವನು ಬಗ್ಗಿದ. ಆ ಮಾಲಿಕ ಪಾಪ, ಇದು ಇಂಡಿಯಾದ ಕ್ರಮ ಇರಬೇಕು ಎಂದುಕೊಂಡು ತಾನೂ ಬಗ್ಗಿದ. ಇಬ್ಬರ ತಲೆಯೂ ಢಿಕ್ಕಿ ಹೊಡೆಯಿತಂತೆ. ಇನ್ನೊಬ್ಬ, ರೂಮಿನಲ್ಲಿಟ್ಟಿರುವ ಬಿಳಿ ಚಪ್ಪಲಿ ಹಾಕಿಕೊಂಡೇ ತಿಂಡಿಗೆ ಇಳಿಯಬೇಕು, ಇಲ್ಲದಿದ್ದರೆ ಅವಮಾನ ಎಂದು ನಂಬಿ ಸೂಟು-ಟೈ ಕೆಳಗೆ ಅದನ್ನು ಹಾಕಿಕೊಂಡು ಹೋದ. ಯಾರಿಗೂ ಗಾಯವಿಲ್ಲ, ನಷ್ಟವಿಲ್ಲ. ಹತ್ತು ವರ್ಷ ಈ ಆಟ ನಡೆಯಿತು.

ನಿಜದ ಹದಿನಾರರ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅವು ಬಂಗಾರದಂಥವು. ಹೋಟೆಲಿನ ಕಾರ್ಡು ಕಿಸೆಯಲ್ಲಿರಲಿ, ಚೀನೀ ಅಕ್ಷರದ ಬದಿಯನ್ನೇ ಟ್ಯಾಕ್ಸಿಯವನಿಗೆ ತೋರಿಸು. ನಿನ್ನ ಇಂಗ್ಲಿಷ್ ಉಚ್ಚಾರ ಅವನಿಗೆ ಬೇಕಾಗಿಲ್ಲ. ನಮ್ಮ ಫೋನಿನ ಮ್ಯಾಪು, ನಮ್ಮ ಇಮೇಲು ಅಲ್ಲಿ ತೆರೆಯುವುದಿಲ್ಲ. ಅವರದೇ ಚಾಟ್ ಆಪ್ ಇಲ್ಲಿಂದಲೇ ಹಾಕಿಕೊಂಡು ಹೋಗು, ವಿಳಾಸಗಳನ್ನೆಲ್ಲ ಕಾಗದದಲ್ಲಿ ಪ್ರಿಂಟ್ ತೆಗಿ. ಮೆಟ್ರೋಗೆ ಇಳಿಯುವಾಗಲೂ ಬ್ಯಾಗು ಸ್ಕ್ಯಾನ್ ಮಾಡುತ್ತಾರೆ. ಪವರ್ ಬ್ಯಾಂಕಿನ ಮೇಲೆ ಅದರ ಸಾಮರ್ಥ್ಯ ಅಚ್ಚಾಗಿರದಿದ್ದರೆ ಏರ್‌ಪೋರ್ಟಿನಲ್ಲಿ ಕಸದ ಬುಟ್ಟಿಗೆ. ಒಂದೇ ಕೈಯಲ್ಲಿ ಹತ್ತರ ತನಕ ಎಣಿಸುತ್ತಾರೆ, ಹೆಬ್ಬೆರಳು-ಕಿರುಬೆರಳು ಎತ್ತಿದರೆ ಆರು. ಫೋನು ಮಾಡು ಎಂದು ಹೇಳುತ್ತಿದ್ದಾರೆಂದು ತಿಳಿಯಬೇಡ. ಎಲ್ಲ ಕಡೆ ಬಿಸಿನೀರು ಪುಕ್ಕಟೆ, ಫ್ಲಾಸ್ಕು ಇಟ್ಟುಕೊ. ಮಧ್ಯಾಹ್ನ ಊಟವಾದ ಮೇಲೆ ಆಫೀಸಿನಲ್ಲಿ ಲೈಟು ಆರಿಸಿ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಾರೆ, ಆ ಹೊತ್ತಿಗೆ ಹೋಗಿ ಎಬ್ಬಿಸಬೇಡ. ಅಕ್ಟೋಬರ್ ಒಂದರಿಂದ ಒಂದು ವಾರ ಇಡೀ ದೇಶಕ್ಕೆ ರಜೆ. ಅದರ ಹಿಂದಿನ ದಿನ ರೈಲಿನಲ್ಲಿ ಸೂಜಿಗೂ ಜಾಗವಿರುವುದಿಲ್ಲ.

ಹನ್ನೊಂದನೆಯದು: ಪಾಸ್‌ಪೋರ್ಟ್ ಯಾವಾಗಲೂ ಮೈಮೇಲೆ ಇರಲಿ, ಜೆರಾಕ್ಸ್ ಅಲ್ಲ, ಅಸಲು. ಟಿಕೆಟ್ ಬುಕ್ ಆಗಿದ್ದರೂ ಸ್ಟೇಷನ್ನಿನ ಕೌಂಟರಿನಲ್ಲಿ ಅಸಲು ಪಾಸ್‌ಪೋರ್ಟ್ ಕೊಡದೆ ಕಾಗದದ ಟಿಕೆಟು ಕೈಗೆ ಬರುವುದಿಲ್ಲ.

ದುಬೈಯಲ್ಲಿ ಬುರ್ಜ್ ಗೋಪುರ ಎದ್ದು ಐದಾರು ವರ್ಷವಾಗಿದ್ದ ಕಾಲ. ಆ ಸೆಪ್ಟೆಂಬರಿನಲ್ಲಿ ಹೊರಡಬೇಕಾಗಿದ್ದವನು ಅಬುಧಾಬಿಯ ಅಲ್ ಮೀನಾದಲ್ಲಿದ್ದ ನಮ್ಮ ಬ್ರಾಂಚಿನ ಹೊಸ ಪರ್ಚೇಸ್‌ನವನು. ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್, ಮಿತ ಮಾತು, ನಲವತ್ತು ದಾಟಿದ ವಯಸ್ಸು. ಮೊದಲು ಹೋಟೆಲೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದವನು. ತಟ್ಟೆಯ ಅಂಚಿಗೆ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿಯೇ ಇದು ಸರಿಯಾಗಿ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದ. ಆ ಕಿವಿ ನನಗೂ ಇರಲಿಲ್ಲ. ಇದನ್ನು ನಾನು ಆಗ ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

ಅವನಿಗೆ ಆ ಪ್ರಯಾಣ ಮೋಜಿನದಾಗಿರಲಿಲ್ಲ. ಕೆಲವು ತಿಂಗಳ ಹಿಂದೆ ಅಳತೆ ತಪ್ಪಿದ ಸೂಪ್ ಬಟ್ಟಲುಗಳನ್ನು ಒಬ್ಬ ಗಿರಾಕಿಗೆ ಕಳಿಸಿ ಸೇಠ್ ಕೈಲಿ ಬೈಸಿಕೊಂಡಿದ್ದ. ಈಗ ಅಬುಧಾಬಿಯಲ್ಲಿ ನವೆಂಬರಿಗೆ ತೆರೆಯಲಿರುವ ಒಂದು ಹೋಟೆಲಿಗೆ ಇಡೀ ಕಂಟೇನರ್ ತಟ್ಟೆ. ಸೇಠ್ ಎಲ್ಲರೆದುರೇ ಹೇಳಿದ್ದರು: “ಈ ಕಂಟೇನರ್ ಸರಿಯಾಗಿ ಬಂದರೆ ನಿನ್ನ ವೀಸಾ ರಿನ್ಯೂ. ಇಲ್ಲದಿದ್ದರೆ ಖಲಾಸ್.” ಅವನ ಹೆಂಡತಿ, ಮಗಳು ಇಬ್ಬರೂ ಅವನ ವೀಸಾದಲ್ಲೇ ಇದ್ದವರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ. ಮಗಳು ಪ್ಲಸ್ ಟು, ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅವನ ಹಣೆಯಲ್ಲಿ ಮಾರ್ಚ್ ಎಂದೇ ಬರೆದಂತಿತ್ತು.

ಹಾಗಾಗಿ ಅವನಿಗೆ ಹಾಳೆ ಬರೆಯಲು ಕೂತಾಗ ನನ್ನ ಕೈ ತಡೆಯಿತು. ಮೂರು ಸುಳ್ಳು ಯೋಚಿಸಿದೆ, ಮೂರನ್ನೂ ಹೊಡೆದು ಹಾಕಿದೆ. ಕಡೆಗೆ ಹದಿನೇಳೂ ನಿಜವನ್ನೇ ಬರೆದೆ. ಹತ್ತು ವರ್ಷದಲ್ಲಿ ಮೊದಲ ಸಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಮನುಷ್ಯ. ಹಾಳೆ ಕೊಡುವಾಗ ನಮ್ಮ ಅಕೌಂಟೆಂಟ್ ಪಕ್ಕದ ಮೇಜಿನಿಂದ ಕೂಗಿದ: “ಜಾಗ್ರತೆ ಮಾರಾಯಾ! ಅದ್ರಲ್ಲಿ ಒಂದು ಬಾಂಬ್ ಉಂಟು.”

ಅವನು ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ. “ಹೌದಾ ಮಾಮ? ಯಾವುದು?”

“ಹುಡುಕು” ಎಂದೆ.

“ಈ ಒಂದು ಸಲ ಹೇಳಿ ಮಾಮ. ನನ್ನ ಅವಸ್ಥೆ ಗೊತ್ತುಂಟಲ್ಲ ನಿಮ್ಗೆ.”

“ಅದೆಲ್ಲ ಆಗುದಿಲ್ಲ. ಬಿರಿಯಾನಿ ತಿನ್ನದೆ ನಾನು ಬಾಯಿ ಬಿಡುದಿಲ್ಲ.”

ಒಳಗೊಳಗೇ ನಾನು ಕುಣಿಯುತ್ತಿದ್ದೆ. ಇಲ್ಲದ ಸುಳ್ಳನ್ನು ಹುಡುಕುತ್ತ ಇವನು ಗುವಾಂಗ್‌ಝೌ ಇಡೀ ತಿರುಗುತ್ತಾನೆ, ವಾಪಸ್ ಬಂದು ‘ಸಿಕ್ಕಲಿಲ್ಲ ಮಾಮ’ ಎನ್ನುತ್ತಾನೆ, ಆಗ ಹೇಳೋಣ. ನನ್ನ ಜನ್ಮದ ಅತ್ಯುತ್ತಮ ತಮಾಷೆ ಇದೇ ಎಂದುಕೊಂಡೆ.

ಸೇಠ್ ತಿಜೋರಿಯಿಂದ ಅವನ ಪಾಸ್‌ಪೋರ್ಟ್ ತೆಗೆದು, ರಿಜಿಸ್ಟರಿನಲ್ಲಿ ಸೈನ್ ಹಾಕಿಸಿಕೊಂಡು ಕೊಟ್ಟರು. “ಕಳೆದುಕೊಂಡರೆ ಅಲ್ಲೇ ಇದ್ದುಬಿಡು” ಎಂದರು. ಗಲ್ಫಿನಲ್ಲಿ ದುಡಿದವರಿಗೆ ಇದು ಹೊಸತಲ್ಲ. ಪಾಸ್‌ಪೋರ್ಟ್ ಎಂಬುದು ನಮ್ಮ ಲೆಕ್ಕದಲ್ಲಿ ಕಂಪನಿಯ ತಿಜೋರಿಯಲ್ಲಿ ಇರುವ ವಸ್ತು. ನಮ್ಮ ಕಿಸೆಯಲ್ಲಿರುವುದು ಐಡಿ ಕಾರ್ಡು. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಅದರ ಮುಖ ನೋಡುತ್ತೇವೆ, ಏರ್‌ಪೋರ್ಟಿನಲ್ಲಿ ನಿಮಿಷಕ್ಕೊಮ್ಮೆ ಕಿಸೆ ಮುಟ್ಟಿ ನೋಡುತ್ತೇವೆ. ಅದನ್ನು ಊಟಕ್ಕೂ ಪೇಟೆಗೂ ಹೊತ್ತುಕೊಂಡು ತಿರುಗು ಎಂದರೆ ನಮ್ಮವರ ಕಿವಿಗೆ ಅದು ಹುಚ್ಚು ಮಾತು. ಇಷ್ಟು ತಿಳಿದಿದ್ದ ನನಗೆ ಆ ದಿನ ಇದು ಹೊಳೆಯಲಿಲ್ಲ.

ಕೆಲಸದ ಯೋಜನೆ ಹೀಗಿತ್ತು. ಫ್ಯಾಕ್ಟರಿ ಇರುವುದು ಗುವಾಂಗ್‌ಝೌದಿಂದ ವೇಗದ ರೈಲಿನಲ್ಲಿ ಮೂರು ತಾಸು ದೂರದ ಪಿಂಗಾಣಿ ಊರಿನಲ್ಲಿ. ಅವನು ಗುವಾಂಗ್‌ಝೌದ ಹೋಲ್‌ಸೇಲ್ ಮಾರ್ಕೆಟಿನಲ್ಲಿ ಎರಡು ದಿನ ಬೇರೆ ಸಾಮಾನು ನೋಡಿ, ಸೆಪ್ಟೆಂಬರ್ ಮೂವತ್ತರ ಬೆಳಿಗ್ಗೆ ರೈಲು ಹತ್ತಿ, ಮಧ್ಯಾಹ್ನ ಎರಡಕ್ಕೆ ಫ್ಯಾಕ್ಟರಿ ತಲುಪಬೇಕು. ಮೂರಕ್ಕೆ ಕಂಟೇನರ್ ತುಂಬಲು ಶುರು. ಅದಕ್ಕೆ ಮೊದಲು ಪೆಟ್ಟಿಗೆಗಳ ರಾಶಿಯಿಂದ ತನಗೆ ತೋಚಿದವನ್ನು, ಅವರು ಎತ್ತಿ ಕೊಟ್ಟವನ್ನಲ್ಲ, ಬಿಚ್ಚಿಸಬೇಕು. ಮೊದಲೇ ಒಪ್ಪಿ ಮೊಹರು ಹಾಕಿದ ಸ್ಯಾಂಪಲ್ ತಟ್ಟೆಯ ಪಕ್ಕದಲ್ಲಿಟ್ಟು ಬಣ್ಣ ನೋಡಬೇಕು. ಹತ್ತು ತಟ್ಟೆ ಒಂದರ ಮೇಲೊಂದು ಪೇರಿಸಿ ಅಲ್ಲಾಡುತ್ತದೆಯೇ ನೋಡಬೇಕು. ತಳದಲ್ಲಿ ಗ್ಲೇಜ್, ಅಂದರೆ ಹೊಳಪಿನ ಲೇಪ, ಇಲ್ಲದ ಉಂಗುರಕ್ಕೆ ಶಾಯಿ ಹಚ್ಚಿ ಒರೆಸಬೇಕು. ಶಾಯಿ ಹೋಗದೆ ಉಳಿದರೆ ಮಣ್ಣು ಸರಿಯಾಗಿ ಬೆಂದಿಲ್ಲ. ಕೊನೆಗೆ ಅವನ ಕಿವಿಯ ಪರೀಕ್ಷೆ. ಎಲ್ಲ ಸರಿಯಿದ್ದರೆ ಫ್ಯಾಕ್ಟರಿಯ ಸೇಲ್ಸ್ ಹುಡುಗಿಗೆ ಲಿಖಿತವಾಗಿ ಓಕೆ. ಸಂಜೆ ಏಳಕ್ಕೆ ಟ್ರಕ್ಕು ಬಂದರಿಗೆ ಹೊರಡುತ್ತದೆ. ಮರುದಿನದಿಂದ ಎಂಟು ದಿನ ಬಾಗಿಲು ಬಂದ್.

ಮೂವತ್ತನೇ ತಾರೀಕು ಬೆಳಿಗ್ಗೆ ಏಳೂವರೆಗೆ ನಾನು ನೈಫ್‌ನ ಕ್ಯಾಂಟೀನಿನಲ್ಲಿ ಪರೋಟ ಮುರಿಯುತ್ತಿದ್ದೆ. ಅಲ್ಲಿ ಆಗ ಹನ್ನೊಂದೂವರೆ. ಫೋನು ಬಂತು. ಹಿಂದೆ ಸ್ಟೇಷನ್ನಿನ ಅನೌನ್ಸ್‌ಮೆಂಟು.

“ಮಾಮ, ಟಿಕೆಟ್ ಕೊಡ್ತಾ ಇಲ್ಲ.”

“ಯಾಕೆ? ಬುಕಿಂಗ್ ನಂಬರ್ ತೋರಿಸಿದ್ಯಾ?”

“ತೋರಿಸಿದೆ. ಪಾಸ್‌ಪೋರ್ಟ್ ಬೇಕಂತೆ. ಜೆರಾಕ್ಸ್ ಕೊಟ್ಟೆ, ಎಮಿರೇಟ್ಸ್ ಐಡಿ ಕೊಟ್ಟೆ, ಕೌಂಟರಿನವಳು ತಿರುಗಿಸಿ ಎಸೆದ್ಳು. ರೈಲು ಹೋಯ್ತು ಮಾಮ.”

“ಪಾಸ್‌ಪೋರ್ಟ್ ಎಲ್ಲುಂಟು?”

“ಹೋಟೆಲ್ ಲಾಕರಲ್ಲಿ.”

“ಹನ್ನೊಂದನೇದು ಓದಿಲ್ವಾ ನೀನು?”

“ಅದೇ ನಿಮ್ಮ ಸುಳ್ಳು ಅಂತ ಮಾಡಿದೆ” ಎಂದ.

ಪರೋಟ ತಟ್ಟೆಯಲ್ಲೇ ಬಿಟ್ಟು ಎದ್ದೆ.

ಆಮೇಲಿನ ಐದು ತಾಸು ನಾನು ಕೆಲಸ ಬಲ್ಲವನ ಹಾಗೆಯೇ ಓಡಾಡಿದೆ, ಅದಕ್ಕೆ ನನಗೆ ಸರ್ಟಿಫಿಕೇಟು ಬೇಡ. ಅವನನ್ನು ಟ್ಯಾಕ್ಸಿಯಲ್ಲಿ ಹೋಟೆಲಿಗೆ ಓಡಿಸಿದೆ. ಊರಿನ ದಕ್ಷಿಣದಲ್ಲಿರುವ ಆ ಸ್ಟೇಷನ್ನಿನಿಂದ ಹೋಟೆಲಿಗೆ ಸುಮಾರು ಒಂದು ತಾಸು. ಪಾಸ್‌ಪೋರ್ಟ್ ಹಿಡಿದು ಅವನು ಮತ್ತೆ ಕೌಂಟರಿಗೆ ಬರುವಷ್ಟರಲ್ಲಿ ಅಲ್ಲಿ ಎರಡು ಗಂಟೆ ದಾಟಿತ್ತು. ರಜೆಯ ಹಿಂದಿನ ದಿನ. ಆ ದಿಕ್ಕಿನ ಒಂದು ರೈಲಿನಲ್ಲೂ ಸೀಟಿಲ್ಲ, ನಿಂತು ಹೋಗುವ ಟಿಕೆಟೂ ಇಲ್ಲ. ಕಾರು ಮಾಡು ಎಂದೆ. ಹೈವೇ ತುಂಬ ಊರಿಗೆ ಹೊರಟವರ ಕಾರುಗಳು, ಎಂಟು ತಾಸು ಎಂದ ಡ್ರೈವರ್. ಪಿಂಗಾಣಿ ಊರಿನಲ್ಲಿ ನನಗೆ ಪರಿಚಯವಿದ್ದ, ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಒಬ್ಬನಿಗೆ ಫೋನು ಮಾಡಿದೆ, ಅವನು ಆಗಲೇ ರಜೆಗೆ ಅತ್ತೆ ಮನೆ ಸೇರಿದ್ದ. ಸೇಲ್ಸ್ ಹುಡುಗಿಗೆ ವಿಡಿಯೋ ಕಳಿಸಲು ಹೇಳಿದೆ. ಬಂತು. ಬಾಗಿಲ ಬಳಿಯ ಆರು ಪೆಟ್ಟಿಗೆ ಬಿಚ್ಚಿ ತೋರಿಸಿದಳು, ತಟ್ಟೆಗಳು ಹಾಲಿನಂತೆ ಹೊಳೆಯುತ್ತಿದ್ದವು. ಬಾಗಿಲ ಬಳಿಯ ಪೆಟ್ಟಿಗೆ ಹೊಳೆಯದೆ ಇನ್ನೇನು ಮಾಡುತ್ತದೆ?

ದುಬೈಯಲ್ಲಿ ಹನ್ನೆರಡೂವರೆಗೆ ಅವಳ ಮೆಸೇಜು ಅವನಿಗೂ ನನಗೂ ಒಟ್ಟಿಗೆ ಬಂತು. ಅರ್ಧಕ್ಕಿಂತ ಹೆಚ್ಚು ತುಂಬಿಯಾಗಿದೆ, ಓಕೆ ಕೊಡಿ. ಇಲ್ಲದಿದ್ದರೆ ತುಂಬಿದ್ದನ್ನು ಇಳಿಸಿ ಟ್ರಕ್ಕು ಖಾಲಿ ಕಳಿಸುತ್ತೇವೆ, ಇನ್ನು ರಜೆ ಕಳೆದ ಮೇಲೆ.

ಆಗ ಸರಿಯಾದ ದಾರಿ ನನಗೆ ಗೊತ್ತಿತ್ತು. ಇಪ್ಪತ್ತು ಹೆಜ್ಜೆ ನಡೆದು ಸೇಠ್ ಕ್ಯಾಬಿನ್ನಿಗೆ ಹೋಗಿ, ಮಾಲು ನೋಡಲಾಗಲಿಲ್ಲ, ಎಂಟು ದಿನ ತಡವಾಗುತ್ತದೆ, ಹೋಟೆಲಿನವರ ಹತ್ತಿರ ನಾನೇ ಮಾತಾಡುತ್ತೇನೆ ಎನ್ನಬೇಕಿತ್ತು. ಅವರು ಕೂಗಾಡುತ್ತಿದ್ದರು, ಆದರೆ ಅವನ ಕೆಲಸ ಉಳಿಯುತ್ತಿತ್ತು. ಆದರೆ ‘ಯಾಕೆ ನೋಡಲಾಗಲಿಲ್ಲ’ ಎಂದು ಕೇಳುತ್ತಾರಲ್ಲ? ಆಗ ಹಾಳೆ ಹೊರಗೆ ಬರುತ್ತದೆ. ಬೀದಿಗೆಲ್ಲ ಚೀನಾ ಪಂಡಿತ ಎನಿಸಿಕೊಂಡ ಮಾಮ ಎಲ್ಲರ ಮುಂದೆ ಮಂಗ.

ಫೋನಿನಲ್ಲಿ ಅವನು ಕೇಳಿದ: “ಮಾಮ, ಎಂತ ಮಾಡುದು?”

“ಓಕೆ ಕೊಡು” ಎಂದೆ. “ಹತ್ತು ವರ್ಷದ ಫ್ಯಾಕ್ಟರಿ. ನಂಗೆ ಗ್ಯಾರಂಟಿ ಉಂಟು.”

“ಆಯ್ತು ಮಾಮ” ಎಂದ.

ಅಕ್ಟೋಬರ್ ಕೊನೆಗೆ ಕಂಟೇನರ್ ಬಂತು. ಮೊದಲ ಪೆಟ್ಟಿಗೆಗಳು ಚೆನ್ನಾಗಿದ್ದವು. ಹಿಂದಿನವು ಬೇರೆ ಒಲೆಯ ಮಾಲು, ಅರೆಬೆಂದದ್ದು. ನೋಡಲು ವ್ಯತ್ಯಾಸವೇ ಇಲ್ಲ. ಹೋಟೆಲಿನ ಅಡುಗೆಮನೆಯವರು ತೊಳೆಯುವ ಯಂತ್ರದಲ್ಲಿ ಎರಡು ಸಲ ಹಾಕಿ ತೆಗೆದಾಗ ಗ್ಲೇಜಿನ ಮೇಲೆಲ್ಲ ಕೂದಲೆಳೆಯಂಥ ಬಿರುಕು. ಅರ್ಧಕ್ಕರ್ಧ ವಾಪಸ್. ನಾನು ಅಲ್ ಮೀನಾದ ಗೋಡೌನಿಗೆ ಹೋಗಿ ಒಂದು ತಟ್ಟೆ ಎತ್ತಿ ಗೆಣ್ಣಿನಿಂದ ತಟ್ಟಿದೆ. ಒದ್ದೆ ಹಲಗೆಗೆ ತಟ್ಟಿದ ಹಾಗೆ ಸದ್ದು. ನನ್ನ ಕಿವಿಗೇ ಇಷ್ಟು ತಿಳಿಯಿತೆಂದರೆ, ಅವನು ಫ್ಯಾಕ್ಟರಿಯಲ್ಲಿ ನಿಂತಿದ್ದರೆ ಮೂರನೇ ಪೆಟ್ಟಿಗೆಗೇ ಟ್ರಕ್ಕು ನಿಲ್ಲಿಸುತ್ತಿದ್ದ.

ಸೇಠ್ ಅವನನ್ನು ನೈಫ್‌ಗೆ ಕರೆಸಿದರು. ಓಕೆ ಕೊಟ್ಟವರು ಯಾರು ಎಂದು ಕೇಳಿದರು. ನಾನು ಅದೇ ಕೋಣೆಯಲ್ಲಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

“ನಾನೇ ಕೊಟ್ಟದ್ದು ಸರ್” ಎಂದ.

ಅಷ್ಟು ಹೊತ್ತು ನಾನು ಬಾಗಿಲ ಪಕ್ಕದ ಕ್ಯಾಲೆಂಡರ್ ಓದುತ್ತಿದ್ದೆ. ಇಂದಿಗೂ ಆ ಕ್ಯಾಲೆಂಡರಿನ ಚಿತ್ರ ಕಣ್ಣಿಗೆ ಕಟ್ಟಿದೆ: ಕೆಂಪು ಬಣ್ಣದ ಒಂದು ದೋಣಿ.

ಮೂರು ದಿನ ಹಾಗೇ ಕಳೆದೆ. ನಾಲ್ಕನೆಯ ದಿನ ಅವನ ವೀಸಾ ಕ್ಯಾನ್ಸಲೇಷನ್ ಕಾಗದ ಟೈಪಾಗುವುದನ್ನು ಕಂಡ ಮೇಲೆ ಕ್ಯಾಬಿನ್ನಿಗೆ ಹೋಗಿ ಎಲ್ಲ ಹೇಳಿದೆ: ಹಾಳೆ, ಹನ್ನೊಂದನೇ ಸಲಹೆ, ಓಕೆ ಕೊಡು ಎಂದದ್ದು. ಸೇಠ್ ಪೂರ್ತಿ ಕೇಳಿದರು. ಆಮೇಲೆ ನಗಲು ಶುರುಮಾಡಿದರು.

“ಚಾಚಾ” ಎಂದರು ಹಿಂದಿಯಲ್ಲಿ, “ಹೋದ ರಂಜಾನಿನಲ್ಲಿ ಮುನಿಸಿಪಾಲಿಟಿಯವರು ಅಂಗಡಿಗೆ ಬೀಗ ಹಾಕಿದ್ದಾರೆ ಅಂತ ನನ್ನನ್ನು ಶಾರ್ಜಾದಿಂದ ಬನಿಯನ್ನಿನಲ್ಲಿ ಓಡಿಸಿಕೊಂಡು ಬಂದದ್ದು ಯಾರು?”

“ನಾನೇ. ಆದರೆ ಇದು ತಮಾಷೆ ಅಲ್ಲ ಸೇಠ್.”

“ಅವತ್ತೂ ನೀವು ಹೀಗೇ ಮುಖ ಮಾಡಿಕೊಂಡಿದ್ದಿರಿ.” ಕಣ್ಣೊರೆಸಿಕೊಂಡರು. “ನಿಮ್ಮ ಊರಿನವನು, ಉಳಿಸಬೇಕು ಅಂತ ಮನಸ್ಸು. ಒಳ್ಳೆಯದೇ. ಆದರೆ ಓಕೆ ಬರೆದದ್ದು ಅವನ ಫೋನು, ಒಪ್ಪಿಕೊಂಡದ್ದು ಅವನ ಬಾಯಿ. ಹೋಗಿ, ಚಹಾ ಕುಡಿಯಿರಿ.”

ನನ್ನ ಫೋನು ತೋರಿಸಿದೆ. ಆ ದಿನ ಅವನು ನನಗೆ ಕರೆ ಮಾಡಿದ್ದು ಅದರಲ್ಲಿತ್ತು, ನಾನು ಅವನಿಗೆ ಏನು ಹೇಳಿದೆ ಎಂಬುದು ಇರಲಿಲ್ಲ.

ವೀಸಾ ರದ್ದಾದರೆ ದೇಶ ಬಿಡಲು ಮೂವತ್ತು ದಿನ. ಅಷ್ಟರಲ್ಲಿ ಬೇರೆ ಕೆಲಸ ಸಿಕ್ಕಿದರೆ ಉಳಿಯಬಹುದು. ನಾನು ಪರಿಚಯದ ಅಂಗಡಿ ಅಂಗಡಿ ಹತ್ತಿದೆ. “ಕಿವಿಯಿಂದ ತಟ್ಟೆ ಪರೀಕ್ಷೆ ಮಾಡುತ್ತಾನೆ” ಎಂದಾಗ ಎಲ್ಲರೂ ನಕ್ಕರು, ಮುಂದಿನ ವಾಕ್ಯಕ್ಕಾಗಿ ಕಾದರು. ನನ್ನ ಮಾತಿಗೆ ಆ ಪೇಟೆಯಲ್ಲಿ ಎಷ್ಟು ಬೆಲೆ ಎಂದು ಆ ಮೂವತ್ತು ದಿನಗಳಲ್ಲಿ ತಿಳಿಯಿತು. ಒಂದು ಕಡೆ ಕೆಲಸ ಕೊಡುತ್ತೇವೆ ಎಂದರು, ಜನವರಿಯಿಂದ.

ಡಿಸೆಂಬರಿನ ಒಂದು ಶುಕ್ರವಾರ ಅವನ ಮನೆಗೆ ಹೋದೆ. ಹಾಲ್ ತುಂಬ ಪೆಟ್ಟಿಗೆ. ಹೆಂಡತಿ ಚಹಾ ತಂದಿಟ್ಟು, “ಕೂತ್ಕೊಳ್ಳಿ ಮಾಮ, ಸೋಫಾ ನಿನ್ನೆ ಹೋಯ್ತು” ಎಂದು ಒಂದು ಪೆಟ್ಟಿಗೆ ತೋರಿಸಿದಳು. ಮಗಳು ಗೋಡೆಗೊರಗಿ ಪುಸ್ತಕ ಜೋಡಿಸುತ್ತಿದ್ದಳು.

ಚಹಾ ಮುಟ್ಟದೆ ಹೇಳಿದೆ: “ಆ ಹಾಳೆಯಲ್ಲಿ ಸುಳ್ಳೇ ಇರ್ಲಿಲ್ಲ ಮಾರಾಯಾ. ಹದಿನೇಳೂ ನಿಜ. ನಿನ್ಗೆ ಮಾತ್ರ ಹಾಗೆ ಬರೆದದ್ದು.”

“ಗೊತ್ತುಂಟು ಮಾಮ” ಎಂದ ಅವನು ಹಗ್ಗ ಕಟ್ಟುತ್ತಲೇ. “ಅವತ್ತೇ ಗೊತ್ತಾಯ್ತು. ಎರಡನೇ ಸಲ ಸ್ಟೇಷನ್ನಿಗೆ ಹೋಗ್ತಾ ಟ್ಯಾಕ್ಸಿಯಲ್ಲಿ ಕೂತು ಒಂದೊಂದೇ ಓದಿದೆ. ಬಿಸಿನೀರು ನಿಜ, ಮಧ್ಯಾಹ್ನ ಮಲಗುದು ನಿಜ, ಬೆರಳಲ್ಲಿ ಆರು ನಿಜ. ಒಂದೂ ಸುಳ್ಳಿಲ್ಲ. ಮಾಮನಿಗೆ ನನ್ನ ಮೇಲೆ ಇಷ್ಟು ಕಾಳಜಿ ಉಂಟಲ್ಲ ಅಂತ ಕಣ್ಣಲ್ಲಿ ನೀರು ಬಂತು.” ಗಂಟು ಬಿಗಿದ. “ಅದಕ್ಕೇ ನೀವು ಓಕೆ ಕೊಡು ಅಂದಾಗ ನಾನು ಇನ್ನೊಂದು ಸಲ ಕೇಳ್ಲಿಲ್ಲ.”

ಅವನ ದನಿಯಲ್ಲಿ ಕೊಂಕು ಇರಲಿಲ್ಲ.

ಸುಮ್ಮನೆ ಕೂರಲಾರದೆ ಟೇಪ್ ಎತ್ತಿಕೊಂಡು ಮಗಳ ಪುಸ್ತಕದ ಪೆಟ್ಟಿಗೆ ಮುಚ್ಚಲು ಹೋದೆ.

“ಅಂಕಲ್, ದಟ್ ಒನ್ ನೋ” ಎಂದಳು ಅವಳು. “ಟ್ವೆಲ್ತ್ ಬುಕ್ಸ್. ಪ್ರಿನ್ಸಿಪಲ್ ಕಾಲ್ ಮಾಡ್ತೇನೆ ಅಂದಿದ್ದಾರೆ. ನಾನೊಬ್ಳೇ ಆಂಟಿ ಮನೆಯಲ್ಲಿ ಇದ್ದು ಎಕ್ಸಾಮ್ ಬರೀಬಹುದಾ ಅಂತ ಕೇಳಿದ್ದೆ.”

ಆ ಪ್ರಿನ್ಸಿಪಲ್ ಹತ್ತಿರ ಹಿಂದಿನ ದಿನ ಎರಡು ತಾಸು ಕೂತು ಬಂದವನು ನಾನೇ. ತಂದೆಯ ವೀಸಾ ಇಲ್ಲದೆ ಮಗಳಿಗೆ ವೀಸಾ ಇಲ್ಲ, ಊರಿಗೆ ಹೋಗಿ ಮಾರ್ಚಿನಲ್ಲಿ ಬಂದು ಬರೆಯಲು ಹಾಜರಿ ಸಾಲದು. ಊರಿನಲ್ಲಿ ಬರುವ ವರ್ಷ ಪ್ಲಸ್ ಟುಗೆ ಮೊದಲಿಂದ ಸೇರಬೇಕು. ಅದನ್ನು ಹೇಳುವ ಕೆಲಸ ನನಗೆ ಕೊಡಿ ಎಂದು ಅವರಲ್ಲಿ ಬೇಡಿಕೊಂಡಿದ್ದೆ.

“ಇಲ್ಲ ಮಗಾ” ಎಂದೆ. “ಅವರು ಕಾಲ್ ಮಾಡುದಿಲ್ಲ. ಆಗುದಿಲ್ಲ ಅಂತ ಹೇಳಿದ್ರು.”

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು, ತುಟಿಯ ಒಂದು ಮೂಲೆ ನಗಲು ತಯಾರಾಗಿ ನಿಂತಿತ್ತು. ನಾನು ಈಗ ನಗುತ್ತೇನೆ ಎಂದು ಅವಳು ಕಾಯುತ್ತಿದ್ದಳು.

ತುಂಬ ಹೊತ್ತು ಕಾದಳು. ಆಮೇಲೆ ನನ್ನ ಕೈಯಿಂದ ಟೇಪ್ ತೆಗೆದುಕೊಂಡಳು.